ಒಂದೇ ಹೆಸರಿನ ಎರಡು ರಿಪೋರ್ಟು

ಹೋದ ತಿಂಗಳು ಹಳೆಯ ಗೆಳೆಯರೊಬ್ಬರ ಮಗಳ ಮದುವೆ ಮುಗಿಸಿಕೊಂಡು ವಿಜಯವಾಡ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದೆ. ಬಂದು ನಿಂತ ರೈಲಿನ ಕೊನೆಯಲ್ಲಿ, ಗಾರ್ಡಿನ ಡಬ್ಬಿಯ ಮುಂದೆ, ಗಂಡ ಹೆಂಡತಿ ಇಬ್ಬರೂ ಸೇರಿ ತಮ್ಮ ನಾಯಿಯನ್ನು ಗೂಡಿಗೆ ಹತ್ತಿಸುತ್ತಿದ್ದರು. ಗೊತ್ತಿಲ್ಲದವರಿಗೆ ಹೇಳಬೇಕು: ರೈಲಿನಲ್ಲಿ ನಾಯಿಯನ್ನು ಕರೆದೊಯ್ಯಬೇಕಾದರೆ ಪಾರ್ಸಲ್ ಆಫೀಸಿನಲ್ಲಿ ಬುಕ್ ಮಾಡಿಸಿ, ಗಾರ್ಡಿನ ಡಬ್ಬಿಯಲ್ಲಿರುವ ತಗಡಿನ ಗೂಡಿನೊಳಗೆ ಬಿಟ್ಟು ಬಾಗಿಲು ಹಾಕಬೇಕು. ನಾಯಿ ನಾಲ್ಕೂ ಕಾಲು ಊರಿ ಒಲ್ಲೆ ಅನ್ನುತ್ತಿತ್ತು. ಗೂಡಿನಿಂದ ಕಾದ ತಗಡು, ತುಕ್ಕು, ಹಳೇ ಉಚ್ಚೆಯ ವಾಸನೆ ಬಂತು ನೋಡಿ, ಅಲ್ಲೇ ಕಂಬ ಹಿಡಿದುಕೊಂಡೆ. ಆ ಹೆಂಗಸು "ಏಮೈಂದಂಡಿ?", ಏನಾಯ್ತು ಅಂತ ಕೇಳಿದರು. ಏನಿಲ್ಲ, ಬಿಸಿಲು ಅಂದೆ. ಬಿಸಿಲಂತೆ ಬಿಸಿಲು! ಆ ಗೂಡಿನ ವಿಷಯದಲ್ಲಿ ನಾನು ಹೇಳಿಕೊಂಡು ಬಂದ ಸುಳ್ಳುಗಳಲ್ಲಿ ಇದೇ ತೀರಾ ಚಿಕ್ಕದು.

ಎರಡು ಸಾವಿರದ ಆರನೇ ಇಸವಿ. ನಾನು ವಿಶಾಖಪಟ್ಟಣದ ಒಂದು ಖಾಸಗಿ ನಾಯಿ ಆಸ್ಪತ್ರೆಯಲ್ಲಿ ಡಾಕ್ಟರು. ಊರು ತಿಪಟೂರು, ವಯಸ್ಸು ಇಪ್ಪತ್ತೇಳು, ತಲೆ ಮೇಲೆ ಎರಡು ಕೋಡು. ಊರ ಅಂಚಿನ ಪೆಂಡುರ್ತಿಯಲ್ಲಿ ಒಂದು ರೂಮು, ಒಂದು ಹಳೇ ಸ್ಕೂಟರು. ಓದುವಾಗ ನಾಯಿಗಳ ಕ್ಯಾನ್ಸರಿನ ಮೇಲೆ ಸ್ವಲ್ಪ ಕೆಲಸ ಮಾಡಿದ್ದೆ. ಆಗ ಆ ಊರಲ್ಲಿ ನಾಯಿಗೆ ಗೆಡ್ಡೆ ಅಂದರೆ ಕೊಯ್ದು ಬಿಸಾಡುವುದು, ಮತ್ತೆ ಬಂದರೆ ಕೈ ಚೆಲ್ಲುವುದು, ಅಷ್ಟೇ. ಕೊಯ್ದ ಮೇಲೆ ಕೀಮೋ ಕೊಟ್ಟು ಪೂರ್ತಿ ನಾಲ್ಕು ಸುತ್ತು ಮುಗಿಸಿದ ನಾಯಿಯನ್ನು ನಾನು ತೋರಿಸುತ್ತೇನೆ ಅಂತ ಹಟ ಹಿಡಿದಿದ್ದೆ. ಮೇ ತಿಂಗಳಲ್ಲಿ ವಿಜಯವಾಡದಲ್ಲಿ ನಮ್ಮ ಕಸುಬಿನವರ ಸಭೆ ಇತ್ತು. ಅಲ್ಲಿ ಎಲ್ಲರೂ ಬರೀ ಫೋಟೋ ತೋರಿಸುತ್ತಾರೆ, ನಾನು ಜೀವಂತ ನಾಯಿಯನ್ನೇ ವೇದಿಕೆ ಮೇಲೆ ನಿಲ್ಲಿಸುತ್ತೇನೆ ಅಂತ ಲೆಕ್ಕ ಹಾಕಿದ್ದೆ. ಬೇಕಾಗಿದ್ದದ್ದು ಒಂದು ನಾಯಿ. ಫೆಬ್ರವರಿಯಲ್ಲಿ ಅದೂ ಸಿಕ್ಕಿತು.

ಭೀಮುನಿಪಟ್ಟಣದಿಂದ ಅಪ್ಪಲನರಸಮ್ಮ ಅನ್ನುವ ಹೆಂಗಸು ಒಂದು ಹೆಣ್ಣುನಾಯಿಯನ್ನು ಸೀರೆಯ ತುಂಡಿನಲ್ಲಿ ಸುತ್ತಿ, ಶೇರ್ ಆಟೋದಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಬಂದಳು. ಐವತ್ತರ ಆಸುಪಾಸು, ಗಂಡ ತೀರಿಕೊಂಡು ಬಹಳ ವರ್ಷ. ಮರಳ ಮೇಲೆ ಬಲೆ ಹಾಸಿ ಮೀನು ಒಣಗಿಸಿ ಮಾರುವುದು ಆಕೆಯ ಜೀವನ. ಕಾಗೆ, ಹಂದಿ, ಬೀದಿನಾಯಿಗಳು ಆ ಮೀನಿಗೆ ಬಾಯಿ ಹಾಕದ ಹಾಗೆ ಕಾಯುತ್ತಿದ್ದದ್ದು ಈ ಲಚ್ಚಿ. ಕಂದು ಬಣ್ಣದ ನಾಟಿ ನಾಯಿ, ಒಂದು ಕಿವಿ ಹರಿದಿತ್ತು. ಹೊಟ್ಟೆಯ ಬಲಗಡೆ ಮೊಲೆಸಾಲಿನಲ್ಲಿ ನಿಂಬೆಹಣ್ಣಿನ ಗಾತ್ರದ ಗೆಡ್ಡೆ ಒಡೆದು ರಸಿ ಸುರಿಯುತ್ತಿತ್ತು.

ನಾನು ಮುಟ್ಟಿ ನೋಡುವ ಮೊದಲೇ ನರಸಮ್ಮ ಹೇಳಿದಳು, "ಬಾಬೂ, ಒಂದು ಸೂಜಿ ಹಾಕಿಬಿಡು. ನಿದ್ದೆ ಬರಿಸಿಬಿಡು. ಇದು ಪಡುವ ಪಾಡು ನಾನು ನೋಡಲಾರೆ." ಆಕೆಯ ಬಾಯಲ್ಲಿ ಎಲ್ಲರೂ ನೀನೇ, ಎಲ್ಲರೂ ಬಾಬುವೇ.

ಆ ಒಂದು ಮಾತು ಕೇಳಿದ್ದರೆ ಇದನ್ನು ಬರೆಯುವ ಕೆಲಸವೇ ಇರುತ್ತಿರಲಿಲ್ಲ. ನಾನು ನಕ್ಕೆ. "ಏನಮ್ಮಾ, ಇಷ್ಟಕ್ಕೆಲ್ಲ ಸಾಯಿಸ್ತಾರಾ? ಕೊಯ್ದು ತೆಗೀತೀನಿ, ಮದ್ದು ಕೊಡ್ತೀನಿ, ನಿನ್ನಿಂದ ಏನೂ ಬೇಡ" ಅಂದೆ. ಆಕೆ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ನನ್ನ ಹಿರಿಯ ಡಾಕ್ಟರು ಪ್ರಸಾದ್‌ಗಾರು ಬಾಗಿಲಲ್ಲೇ ನಿಂತಿದ್ದವರು, ಆಕೆ ಹೋದ ಮೇಲೆ "ನಾಯಿಗಾಗಿಯೋ ನಿನಗಾಗಿಯೋ?" ಅಂತ ಕೇಳಿದರು. ನಾನು ಕೈ ತೊಳೆಯುತ್ತ ನಿಂತೆ.

ಬಲಗಡೆಯ ಮೊಲೆಸಾಲು ಪೂರ್ತಿ, ತೊಡೆಸಂದಿಯ ಗಂಟಿನ ಸಮೇತ ಕೊಯ್ದು ತೆಗೆದೆ. ಎದೆಯಿಂದ ತೊಡೆಯವರೆಗೆ ಹೊಲಿಗೆ. ಕೆಲಸ ಚೆನ್ನಾಗಿತ್ತು, ಅದನ್ನು ಇವತ್ತಿಗೂ ಹೇಳುತ್ತೇನೆ. ಹದಿನೈದು ದಿನಕ್ಕೆ ಗಾಯ ಕೂಡಿತು. ಲಚ್ಚಿ ಮತ್ತೆ ಕಾಗೆಗಳ ಹಿಂದೆ ಓಡಿದಳಂತೆ. ನರಸಮ್ಮ ಒಂದು ಪೊಟ್ಟಣ ಒಣಮೀನು ತಂದುಕೊಟ್ಟು "ಬಾಬೂ, ನಿನ್ನ ಹೊಟ್ಟೆ ತಣ್ಣಗಿರಲಿ" ಅಂದಳು. ನಾನು ಮೀನು ತಿನ್ನುವವನಲ್ಲ, ಆಕೆಗೆ ಹೇಳಲಿಲ್ಲ. ಪೊಟ್ಟಣ ಕಾಂಪೌಂಡರನ ಪಾಲಾಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಆ ನಾಯಿ ಇನ್ನೊಂದಷ್ಟು ತಿಂಗಳು ಸುಖವಾಗಿ ಬದುಕಿ ಸಮುದ್ರದ ಗಾಳಿಯಲ್ಲಿ ಸಾಯುತ್ತಿತ್ತು. ಕ್ಯಾನ್ಸರು ತೊಡೆಸಂದಿಯ ಗಂಟಿಗೂ ಇಳಿದಿದೆ, ಒಳಗೆ ಬೇರು ಉಳಿದಿರುತ್ತೆ ಅಂತ ಕೀಮೋ ಶುರುಮಾಡಿದೆ. ಪುಸ್ತಕದ ಪ್ರಕಾರ ಅದು ತಪ್ಪಲ್ಲ. ತಪ್ಪು ಇದ್ದದ್ದು ಪುಸ್ತಕದಲ್ಲಲ್ಲ.

ಆ ಮದ್ದು ಕೆಂಪಗೆ, ಶರಬತ್ತಿನ ಬಣ್ಣಕ್ಕಿರುತ್ತದೆ. ಎರಡೆರಡು ಗ್ಲೌಸು ಹಾಕಿಕೊಂಡು, ಡ್ರಿಪ್ಪಿನಲ್ಲಿ ನಿಧಾನವಾಗಿ ಬಿಡಬೇಕು. ಒಂದು ಹನಿ ನರದಿಂದ ಆಚೆ ಜಾರಿದರೆ ಅಲ್ಲಿಯ ಚರ್ಮ ಸತ್ತು ಕಳಚಿಬರುತ್ತದೆ. ಇಪ್ಪತ್ತೊಂದು ದಿನಕ್ಕೊಮ್ಮೆ ಕೊಡಬೇಕು. ಯಾಕೆಂದರೆ ಅದು ಗೆಡ್ಡೆಯ ಜೊತೆಗೆ ರಕ್ತದ ಬಿಳಿಕಣಗಳನ್ನೂ ತಿನ್ನುತ್ತದೆ, ಅವು ಮತ್ತೆ ಹುಟ್ಟಿಕೊಳ್ಳಲು ಅಷ್ಟು ದಿನ ಬೇಕು. ಪ್ರತಿ ಸಲ ಮದ್ದಿಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿ, ಬಿಳಿಕಣ ಸಾಕಷ್ಟಿದ್ದರೆ ಮಾತ್ರ ಮುಂದುವರಿಯಬೇಕು. ಇಲ್ಲದಿದ್ದರೆ ಸಣ್ಣ ಸೋಂಕು ಸಾಕು, ಜೀವ ತೆಗೆಯುತ್ತದೆ.

ನಮಗೆ ನಮ್ಮದೇ ಲ್ಯಾಬು ಇರಲಿಲ್ಲ. ಪಕ್ಕದ ಬೀದಿಯಲ್ಲಿದ್ದದ್ದು ಮನುಷ್ಯರ ಲ್ಯಾಬು. ನಾಯಿ ರಕ್ತ ಮುಟ್ಟುತ್ತಾರೆ ಅಂತ ಗೊತ್ತಾದರೆ ಗಿರಾಕಿ ಬರುವುದಿಲ್ಲ ಅಂತ ಅದರ ಮಾಲೀಕ ಒಪ್ಪುತ್ತಿರಲಿಲ್ಲ. ಅದಕ್ಕೆ ನಾವೊಂದು ದಾರಿ ಮಾಡಿಕೊಂಡಿದ್ದೆವು. ಟ್ಯೂಬಿನ ಮೇಲೆ ನಾಯಿಯ ಹೆಸರಿನ ಬದಲು ಯಜಮಾನರ ಹೆಸರು, ವಯಸ್ಸು ಬರೆಯುವುದು. ಅಲ್ಲಿಯ ಟೆಕ್ನೀಷಿಯನ್ ರಮಣನಿಗೆ ಮಾತ್ರ ಗುಟ್ಟು ಗೊತ್ತು. ಅವನು ರಿಪೋರ್ಟಿನ ಮೂಲೆಯಲ್ಲಿ ಒಂದು ಚುಕ್ಕೆ ಇಟ್ಟು ಕೊಡುತ್ತಿದ್ದ. ಚುಕ್ಕೆ ಇದ್ದರೆ ನಾಯಿಯದು. ಹೀಗೆ ಊರಿನ ಎಷ್ಟೋ ಗಣ್ಯರು ಕಾಗದದ ಮೇಲೆ ನಾಯಿಯ ರಕ್ತ ಹೊತ್ತು ತಿರುಗಿದ್ದಾರೆ. ನಾವು ಅದನ್ನು ಹೇಳಿಕೊಂಡು ನಗುತ್ತಿದ್ದೆವು.

ಮೊದಲ ಸುತ್ತು ತಡೆದುಕೊಂಡಳು. ಎರಡನೆಯದಕ್ಕೆ ವಾಂತಿ, ಭೇದಿ. ಮೂತಿಯ ಮೀಸೆಗೂದಲು ಒಂದೊಂದೇ ಉದುರಿದವು. ಕಾಗೆಗಳು ಬಂದು ಮೀನು ಎತ್ತಿಕೊಂಡು ಹೋದರೂ ಲಚ್ಚಿ ಏಳುತ್ತಿರಲಿಲ್ಲವಂತೆ. ನರಸಮ್ಮ ಬೆಳಿಗ್ಗೆಯಿಂದ ಸಂಜೆತನಕ ತಾನೇ ಕೋಲು ಹಿಡಿದು ಬಿಸಿಲಲ್ಲಿ ಕೂರುತ್ತಿದ್ದಳು.

ಏಪ್ರಿಲಿನಲ್ಲಿ ಮೂರನೆಯದಕ್ಕೆ ಬಂದವಳು ನಾಯಿಯನ್ನು ಟೇಬಲ್ ಮೇಲೆ ಇಡಲಿಲ್ಲ. ಅಪ್ಪಿಕೊಂಡೇ ನಿಂತಳು. "ಬಾಬೂ, ಇದು ನನ್ನ ಮುಖ ನೋಡಲ್ಲ ಈಗ. ಗೋಡೆ ನೋಡುತ್ತೆ. ಇನ್ನು ಸಾಕು, ಬಿಟ್ಟುಬಿಡೋಣ."

ನಾನು ಏನಂದೆ ಗೊತ್ತೇ? "ನಾಯಿ ಕಾಯೋ ಕೆಲಸ ಮಾಡ್ತಿಲ್ಲ ಅಂತ ಬೇಡವಾಯ್ತಾ ನಿನಗೆ?" ಅಂದೆ. ತೆಲುಗಿನಲ್ಲಿ, ನೆಟ್ಟಗೆ, ಒಂದು ಪದವೂ ತಪ್ಪದ ಹಾಗೆ. ಭಾಷೆ ಕಲಿತದ್ದು ಅದಕ್ಕೆ ಬಳಕೆಯಾಯಿತು. ಆಕೆಯ ಮುಖ ಸಣ್ಣಗಾಯಿತು. ನಾಯಿಯನ್ನು ಟೇಬಲ್ ಮೇಲೆ ಇಟ್ಟು, ತಲೆ ಹಿಡಿದುಕೊಂಡು ನಿಂತಳು. ಮತ್ತೆ ಆ ಮಾತು ಎತ್ತಲಿಲ್ಲ.

ನಾಲ್ಕನೆಯ ಸುತ್ತು ಬೀಳಬೇಕಾದದ್ದು ವಿಜಯವಾಡದ ಸಭೆ ಮುಗಿದು ಒಂದು ವಾರದ ಮೇಲೆ. ಮೂರು ಸುತ್ತು ಮುಗಿದಿದೆ ಅಂತ ಹೇಳಿದ್ದರೆ ಯಾರ ಗಂಟು ಹೋಗುತ್ತಿತ್ತು? ಆದರೆ ನನ್ನ ಭಾಷಣದ ತಲೆಬರಹದಲ್ಲಿ ನಾಲ್ಕು ಅಂತ ಬರೆದು ಕಳಿಸಿಯಾಗಿತ್ತು. ಇಪ್ಪತ್ತೊಂದು ದಿನ ಕಾಯಬೇಕಾದ ಮದ್ದನ್ನು ಹನ್ನೆರಡನೇ ದಿನಕ್ಕೆ ಎಳೆದೆ. ಬಿಳಿಕಣಗಳು ಪಾತಾಳ ಕಂಡಿರುವ ದಿನಗಳೇ ಅವು. ಇದು ನನಗೆ ಗೊತ್ತಿರಲಿಲ್ಲ ಅಂತ ಯಾರೂ ಅಂದುಕೊಳ್ಳಬೇಡಿ.

ಶುಕ್ರವಾರ ಬೆಳಿಗ್ಗೆ ನರಸಮ್ಮ ಬಂದಾಗ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು. ಕಣ್ಣು ಗುಳಿ ಬಿದ್ದಿತ್ತು. ಬಿಸಿಲಲ್ಲಿ ಕೂತು ಕೂತು ಬಸವಳಿದಿದ್ದಳು, ಇನ್ನೇನು. ನಾನು ಅವತ್ತು ಬಹಳ ಉದಾರಿಯಾಗಿದ್ದೆ. "ಬಾರಮ್ಮ, ನಿನ್ನದೂ ಒಂದು ಸಲ ನೋಡಿಸೋಣ" ಅಂತ ನಾಯಿಯ ರಕ್ತ ತೆಗೆದ ಕೈಯಲ್ಲೇ ಆಕೆಯ ರಕ್ತವನ್ನೂ ತೆಗೆದೆ. ಎರಡೂ ಟ್ಯೂಬಿನ ಮೇಲೆ ನಾನೇ ಬರೆದೆ: ಅಪ್ಪಲನರಸಮ್ಮ, ಐವತ್ತು. ಚುಕ್ಕೆ ಇಡಲು ರಮಣ ಇದ್ದಾನಲ್ಲ ಅಂತ ಆ ಕಡೆ ಗ್ಯಾನವೇ ಹೋಗಲಿಲ್ಲ. ರಮಣನಿಗೆ ಹೇಗೆ ಗೊತ್ತಾಗಬೇಕು ಯಾವುದು ಯಾವುದು ಅಂತ? ಅದನ್ನೂ ಯೋಚಿಸಲಿಲ್ಲ. ಸಾಲದ್ದಕ್ಕೆ ರಮಣ ಆವತ್ತು ತಂಗಿಯ ಮದುವೆಗೆ ರಜಾ.

ಮಧ್ಯಾಹ್ನ ಎರಡು ರಿಪೋರ್ಟು ಬಂದವು. ಒಂದೇ ಹೆಸರು, ಒಂದೇ ವಯಸ್ಸು, ಮೂಲೆಯಲ್ಲಿ ಚುಕ್ಕೆ ಇಲ್ಲ. ಒಂದರಲ್ಲಿ ಬಿಳಿಕಣ ಸರಿಯಾಗಿತ್ತು. ಇನ್ನೊಂದರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಎರಡನ್ನೂ ಕೈಯಲ್ಲಿ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ. ನಾಯಿಯ ಕಾಲಿಂದ ಇನ್ನೊಂದು ಹನಿ ತೆಗೆದು ನಾನೇ ಗಾಜಿನ ಮೇಲೆ ಬಳಿದು ನೋಡಿದ್ದರೆ ಹತ್ತು ನಿಮಿಷದ ಕೆಲಸ. ನಮ್ಮ ಹತ್ತಿರ ಮೈಕ್ರೋಸ್ಕೋಪು ಇತ್ತು. ಅದರ ಮೇಲೆ ಹಸಿರು ಬಟ್ಟೆ ಹೊದಿಸಿತ್ತು. ಆ ಬಟ್ಟೆಯನ್ನೂ ನೋಡಿದೆ. ಆಮೇಲೆ ಬೆಂಚಿನ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ ನರಸಮ್ಮನನ್ನು ನೋಡಿದೆ. ಬಿಳಿಚಿಕೊಂಡಿದ್ದಾಳೆ, ಏದುಸಿರು ಬಿಡುತ್ತಾಳೆ, ಆ ಕೆಟ್ಟ ರಿಪೋರ್ಟು ಆಕೆಯದೇ ಇರಬೇಕು ಅಂತ ತೀರ್ಮಾನ ಮಾಡಿದೆ. ನನಗೆ ಬೇಕಾದ ರಿಪೋರ್ಟನ್ನು ನಾಯಿಗೆ ಕೊಟ್ಟೆ. ಬೇಡವಾದದ್ದನ್ನು ಆ ಹೆಂಗಸಿಗೆ ಕೊಟ್ಟೆ.

"ಅಮ್ಮಾ, ನಿನ್ನ ರಕ್ತ ಸರಿಯಿಲ್ಲ. ತಡ ಮಾಡದೆ ದೊಡ್ಡಾಸ್ಪತ್ರೆಗೆ ಹೋಗು" ಅಂದೆ.

ಆಕೆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಓದಲು ಬರುತ್ತಿರಲಿಲ್ಲ. "ನನಗೂ ಅದೇನಾ ಬಾಬು? ಇದಕ್ಕೆ ಬಂದದ್ದೇನಾ?"

"ಇರಬಹುದು, ಹೇಳಕ್ಕಾಗಲ್ಲ."

ಲಚ್ಚಿಯ ಹರಿದ ಕಿವಿ ಸವರಿದಳು. ಆಮೇಲೆ, "ಹಂಗಾದರೆ ನನಗಿಂತ ಮೊದಲು ಇದನ್ನ ಸರಿಮಾಡು. ನಾನು ಹೋದ ಮೇಲೆ ಕಾಯಿಲೆ ನಾಯಿನ ಯಾರು ನೋಡ್ತಾರೆ?" ಅಂದಳು. ಅನುಮತಿ ಸಿಕ್ಕಿತು ಅಂತ ನಾನು ಕೆಂಪು ಮದ್ದಿನ ಡ್ರಿಪ್ ಏರಿಸಿದೆ. ವಿಜಯವಾಡಕ್ಕೆ ಒಯ್ದು ತೋರಿಸಿ ಸೋಮವಾರ ಕರೆತರುತ್ತೇನೆ ಅಂತ ಹೇಳಿ ಲಚ್ಚಿಯನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡೆ.

ಶನಿವಾರ ಲಚ್ಚಿ ಅನ್ನ ಮುಟ್ಟಲಿಲ್ಲ. ಮೈ ಬಿಸಿಯಿತ್ತು. ಚುರುಕಾಗಲಿ ಅಂತ ಸ್ಟೀರಾಯ್ಡ್ ಚುಚ್ಚಿದೆ. ಆ ಮದ್ದು ಸಾಯುವ ನಾಯಿಯನ್ನೂ ಒಂದು ದಿನ ಎಬ್ಬಿಸಿ ನಿಲ್ಲಿಸುತ್ತದೆ. ಮಧ್ಯಾಹ್ನದ ರೈಲಿಗೆ ಗಾರ್ಡಿನ ಡಬ್ಬಿಯ ಗೂಡಿಗೆ ಹತ್ತಿಸಿದೆ. ಅವಳೂ ಕಾಲೂರಿ ಒಲ್ಲೆ ಅಂದಳು, ನಾನು ಹಿಂದಿನಿಂದ ತಳ್ಳಿದೆ. ತುನಿಯಲ್ಲಿ ಇಳಿದು ಓಡಿ ನೀರು ಕೊಟ್ಟೆ, ರಾಜಮಂಡ್ರಿಯಲ್ಲಿ ಕೊಟ್ಟೆ. ತಗಡು ಮುಟ್ಟಿದರೆ ಕೈ ಸುಡುತ್ತಿತ್ತು.

ಭಾನುವಾರ ವಿಜಯವಾಡದ ಹೋಟೆಲಿನಲ್ಲಿ ಸಭೆ. ಹೊರಗೆ ರಸ್ತೆಯ ಡಾಂಬರು ಕರಗುತ್ತಿತ್ತು, ಒಳಗೆ ಏಸಿ ಹಾಕಿ ನಡುಗುವಷ್ಟು ತಣ್ಣಗೆ ಮಾಡಿದ್ದರು. ನಾನು ಹೊಲಿಗೆಯ ಗುರುತು ತೋರಿಸಿದೆ, ನಾಲ್ಕು ಸುತ್ತಿನ ಕಥೆ ಹೇಳಿದೆ. ಲಚ್ಚಿ ನಿಂತಿದ್ದಳು. ಬಾಲವನ್ನು ಎರಡು ಸಲ ಆಡಿಸಿದಳು. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಚಪ್ಪಾಳೆಯ ಸದ್ದಿಗೆ ಅವಳು ಅಲ್ಲೇ ಕೆಂಪಗೆ ಉಚ್ಚೆ ಹೊಯ್ದಳು. "ಮದ್ದಿನ ಬಣ್ಣ, ಗಾಬರಿ ಬೇಡ" ಅಂತ ನಾನು ಮೈಕಿನಲ್ಲಿ ಹೇಳಿದೆ, ಎಲ್ಲರೂ ನಕ್ಕರು. ಎರಡು ದಿನದ ಮೇಲೆ ಮದ್ದಿನ ಬಣ್ಣ ಉಳಿಯುವುದಿಲ್ಲ, ಅದು ರಕ್ತ. ಆ ಕೋಣೆಯಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ ಇರಬೇಕು.

ಸೋಮವಾರ ಬೆಳಗಿನ ರೈಲಿಗೆ ವಾಪಸ್ಸು. ಗೂಡಿಗೆ ಹತ್ತಿಸುವಾಗ ಈ ಸಲ ಒಲ್ಲೆ ಅನ್ನಲಿಲ್ಲ, ಎತ್ತಿ ಒಳಗಿಟ್ಟೆ. ನನ್ನ ಎದುರು ಸೀಟಿನಲ್ಲಿ, ಏನೋ ಕೆಲಸಕ್ಕೆ ವಿಶಾಖಪಟ್ಟಣಕ್ಕೆ ಹೊರಟಿದ್ದ ಹೈದರಾಬಾದಿನ ಒಬ್ಬ ಪ್ರೊಫೆಸರ್. ನನ್ನ ಭಾಷಣ ಕೇಳಿ ಬಹಳ ಮೆಚ್ಚಿಕೊಂಡು, ಅಲ್ಲಿಗೆ ಬಂದು ಕೆಲಸ ಮಾಡ್ತೀಯಾ ಅಂತ ಕೇಳುತ್ತಿದ್ದರು. ರಾಜಮಂಡ್ರಿ ಬಂತು, ನಾನು ಏಳಲಿಲ್ಲ. ದೊಡ್ಡ ಮನುಷ್ಯರ ಮಾತಿನ ಮಧ್ಯೆ ಎದ್ದು ಹೋಗುವುದು ಹೇಗೆ ಅಂತ ಕೂತೆ. ತುನಿ ಬಂತು, ಏಳಲಿಲ್ಲ.

ವಿಶಾಖಪಟ್ಟಣದ ಪ್ಲಾಟ್‌ಫಾರಮ್ಮಿನಲ್ಲಿ ನರಸಮ್ಮ ಕಾಯುತ್ತಿದ್ದಳು. ಕೈಯಲ್ಲಿ ಸ್ಟೀಲ್ ಡಬ್ಬಿ, ಅದರಲ್ಲಿ ಮೊಸರನ್ನ. ಗಾರ್ಡು ಗೂಡಿನ ಚಿಲಕ ತೆಗೆದ. ಲಚ್ಚಿ ಬಾಗಿಲಿನ ಸರಳಿಗೆ ಮೂಗು ಒತ್ತಿಕೊಂಡೇ ಮಲಗಿದ್ದಳು, ನಾಲಿಗೆ ಹೊರಗಿತ್ತು, ಒಣಗಿತ್ತು. ಮೈ ಆಗಲೇ ಸೆಟೆದಿತ್ತು.

ನರಸಮ್ಮ ಅಳಲಿಲ್ಲ, ಕೂಗಾಡಲಿಲ್ಲ. ಡಬ್ಬಿ ನೆಲದ ಮೇಲಿಟ್ಟು ನನ್ನನ್ನು ಕೇಳಿದಳು, "ನೀರು ಕೊಟ್ಟೆಯಾ ಬಾಬು?"

"ಕೊಟ್ಟೆನಮ್ಮ. ಪ್ರತಿ ಸ್ಟೇಷನ್ನಿನಲ್ಲೂ ಇಳಿದು ಕೊಟ್ಟೆ."

"ಹಂಗಾದರೆ ಸರಿ" ಅಂದಳು. ತಂದಿದ್ದ ಅದೇ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಎತ್ತಿಕೊಂಡು ಹೋದಳು. ಸತ್ತ ನಾಯಿಯನ್ನು ಆಟೋದವರು ಹತ್ತಿಸಿಕೊಂಡರೋ ಇಲ್ಲವೋ ಅಂತ ಕೂಡ ನಾನು ನೋಡಲಿಲ್ಲ.

ಆಮೇಲೆ ನಾನು ಮೈಕ್ರೋಸ್ಕೋಪಿನ ಬಟ್ಟೆ ತೆಗೆದೆ. ಶುಕ್ರವಾರದ ನಾಯಿರಕ್ತ ಸ್ವಲ್ಪ ಸಿರಿಂಜಿನಲ್ಲಿ ಉಳಿದದ್ದು ಫ್ರಿಜ್ಜಿನಲ್ಲಿತ್ತು. ಗಾಜಿನ ಮೇಲೆ ಬಳಿದು ಬಣ್ಣ ಹಾಕಿ ನೋಡಿದೆ. ಎಷ್ಟು ಹುಡುಕಿದರೂ ಬಿಳಿಕಣವೇ ಇಲ್ಲ. ಈಗ ನೋಡಿದರೇನು ಬಿಟ್ಟರೇನು. ಅಂದೇ ಭೀಮುನಿಪಟ್ಟಣಕ್ಕೆ ಹೋಗಿ, ಅಮ್ಮಾ ಆ ಕಾಗದ ನಿನ್ನದಲ್ಲ, ಹರಿದು ಬಿಸಾಡು ಅಂತ ಹೇಳಬಹುದಿತ್ತು. ಸ್ಕೂಟರಿನಲ್ಲಿ ಒಂದು ಗಂಟೆಯ ದಾರಿ. ಹೇಳಿದರೆ ನಾಯಿಯನ್ನು ಕೊಂದದ್ದು ಯಾರು ಅನ್ನುವುದನ್ನೂ ಹೇಳಬೇಕಲ್ಲ! ನಾಳೆ ಹೋಗೋಣ, ನಾಳಿದ್ದು ಹೋಗೋಣ ಅಂತ ಒಂದು ತಿಂಗಳು ಕಳೆದೆ.

ಜೂನಿನ ಕೊನೆಗೆ, ಮೊದಲ ಮಳೆ ಬಿದ್ದ ಮೇಲೆ, ಆಕೆಯೇ ಬಂದಳು. ಸೊರಗಿ ಅರ್ಧವಾಗಿದ್ದಳು, ಒಂದು ಕಾಲು ಎಳೆಯುತ್ತಿದ್ದಳು. ಆದರೆ ಮುಖದ ತುಂಬ ನಗು. ಬೆಂಚಿನ ಮೇಲೆ ಕೂತು ಎಲ್ಲಾ ಹೇಳಿದಳು. ನಾನು ಕೊಟ್ಟ ಕಾಗದ ನೋಡಿ ದೊಡ್ಡಾಸ್ಪತ್ರೆಯವರು ಗಾಬರಿಯಾಗಿ ಸೇರಿಸಿಕೊಂಡರಂತೆ. ಮತ್ತೆ ನೋಡಿದಾಗ ರಕ್ತ ಸರಿಯಿದ್ದರೂ, ಕಾಗದದಲ್ಲಿ ಹೀಗಿರುವಾಗ ಬಿಡಲಾಗದು ಅಂತ ದಬ್ಬಳದಂಥ ಸೂಜಿ ಹಾಕಿ ಸೊಂಟದ ಮೂಳೆಯೊಳಗಿಂದ ರಸ ತೆಗೆದರಂತೆ. ಸರಿಯಾಗಿ ಬಂದಿಲ್ಲ ಅಂತ ಇನ್ನೊಂದು ಸಲ. ಆ ಜಾಗ ಕೀವು ಕಟ್ಟಿ ಹದಿನೈದು ದಿನ ಜ್ವರ. ಇನ್ನು ತಾನು ಉಳಿಯುವುದಿಲ್ಲ ಅಂತ ಮೀನು ಒಣಗಿಸುವ ಜಾಗವನ್ನು ಊರ ದೊಡ್ಡವರ ಮುಂದೆ ನಾದಿನಿಗೆ ಒಪ್ಪಿಸಿಬಿಟ್ಟಿದ್ದಳು. ಈಗ ವಾಪಸ್ಸು ಕೇಳಿದರೆ ನಾದಿನಿ ಕ್ಯಾರೇ ಅನ್ನುತ್ತಿಲ್ಲ. ತನ್ನದೇ ಮರಳಿನಲ್ಲಿ ಈಗ ಕೂಲಿಗೆ ಮೀನು ಹರವುತ್ತಾಳೆ.

"ಹೋಗಲಿ ಬಿಡು ಬಾಬು, ಜೀವ ಉಳೀತಲ್ಲ!" ಅಂದಳು. "ಎಲ್ಲಾ ಪರೀಕ್ಷೆ ಮಾಡಿ, ನಿನಗೆ ಏನೂ ಇಲ್ಲ ಅಂದರು. ಮೊದಲು ಇತ್ತು, ಈಗ ಇಲ್ಲ, ಹೇಗೆ ಹೋಯ್ತೋ ಗೊತ್ತಿಲ್ಲ ಅಂತ ದೊಡ್ಡ ಡಾಕ್ಟರೇ ತಲೆ ಕೆರ್ಕೊಂಡರು. ನನಗೆ ಗೊತ್ತು. ಲಚ್ಚಿ ತಗೊಂಡು ಹೋಯ್ತು. ನನ್ನ ಮೇಲೆ ಬಂದದ್ದನ್ನ ತನ್ನ ಮೇಲೆ ಹಾಕ್ಕೊಂಡು ಹೋಯ್ತು. ನಮ್ಮಲ್ಲಿ ಸಾಕಿದ ಪ್ರಾಣಿ ಹಂಗೆ ಮಾಡುತ್ತೆ ಬಾಬು. ನೀನು ಅವತ್ತು ಸೂಜಿ ಹಾಕಿ ಸಾಯಿಸಿದ್ದರೆ ನಾನು ಇವತ್ತು ಇರ್ತಿರಲಿಲ್ಲ. ನಾನು ಎರಡು ಸಲ ಕೇಳಿದೆ, ಎರಡು ಸಲವೂ ನೀನು ಬೇಡ ಅಂದೆ. ನಿನ್ನ ಕಾಲಿಗೆ ಬೀಳಬೇಕು ನಾನು."

ನಿಜವಾಗಿಯೂ ಬಗ್ಗಿದಳು. ಸೊಂಟ ನೋಯುತ್ತಿತ್ತು, ಬೆಂಚು ಹಿಡಿದುಕೊಂಡು ಬಗ್ಗಿದಳು. ನಾನು ತಡೆಯಲು ಕೈ ಚಾಚಿದೆ. ಆಕೆ ಆ ಕೈಗೆ ಒಣಮೀನಿನ ಪೊಟ್ಟಣ ಇಟ್ಟಳು. ಅದನ್ನೂ ನಾದಿನಿಯ ಹತ್ತಿರ ಕಾಸು ಕೊಟ್ಟು ತಂದಿದ್ದಳಂತೆ.

ಪ್ರಸಾದ್‌ಗಾರು ತಮ್ಮ ಕೋಣೆಯ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ಹೇಳಬೇಕಾಗಿದ್ದದ್ದು ಇಷ್ಟೇ. ಇಲ್ಲಮ್ಮ, ಆ ಕಾಗದ ನಾಯಿಯದು, ನಾನೇ ಬದಲಾಯಿಸಿದೆ, ನೀರೂ ಕೊಡಲಿಲ್ಲ ಅಂತ.

"ಲಚ್ಚಿನೇ ತಗೊಂಡು ಹೋದದ್ದು, ಅಲ್ವಾ ಬಾಬು?" ಅಂತ ಆಕೆ ಮತ್ತೆ ಕೇಳಿದಳು.

"ಹೌದಮ್ಮಾ" ಅಂದೆ.